ಆರು ತಿಂಗಳ ಮಗುವಿಗೆ ಊಟ: ಏನು ಅನ್ನೋದಕ್ಕಿಂತ ಎಷ್ಟು ಗಟ್ಟಿ, ಎಷ್ಟು ಸಲ ಅನ್ನೋದು ಮುಖ್ಯ

"ಮಗುವಿಗೆ ಆರು ತಿಂಗಳು ತುಂಬಿತು, ಇನ್ನು ಏನು ಕೊಡಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಎರಡು ಮೂರು ತಿಂಗಳು ಬಿಟ್ಟು ಅದೇ ತಾಯಂದಿರಿಂದ ಇನ್ನೊಂದು ಬರುತ್ತದೆ: "ಎಲ್ಲಾ ಕೊಡ್ತಾ ಇದೀನಿ, ಆದ್ರೂ ತೂಕ ಏರ್ತಾ ಇಲ್ಲ. ಏನ್ ಮಾಡ್ಲಿ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು.

ಆರು ತಿಂಗಳಿಗೆ ಊಟ ಶುರು ಮಾಡಬೇಕು ಅನ್ನೋದು ಈಗ ಬಹಳಷ್ಟು ತಾಯಂದಿರಿಗೆ ಗೊತ್ತು. ಏನು ಕೊಡಬಹುದು ಅನ್ನೋದೂ ಮುಕ್ಕಾಲು ಪಾಲು ಗೊತ್ತಿರುತ್ತದೆ. ಎಡವುವುದು ಬೇರೆ ಕಡೆ: ಎಷ್ಟು ಗಟ್ಟಿ ಇರಬೇಕು, ದಿನಕ್ಕೆ ಎಷ್ಟು ಸಲ, ನುಣ್ಣಗಿನದು ಬಿಟ್ಟು ಯಾವಾಗ ಮುಂದೆ ಹೋಗಬೇಕು, ಮಗು ಸರಿಯಾಗಿ ಬೆಳೆಯುತ್ತಿದೆಯೋ ಇಲ್ಲವೋ ಹೇಗೆ ನೋಡಬೇಕು. ಹಾಗಾಗಿ ಇಲ್ಲಿ ಅಡುಗೆಗಳ ಪಟ್ಟಿ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಏನು ಬೇಯುತ್ತದೋ ಅದರಲ್ಲೇ ಇದೆಲ್ಲ ಆಗುತ್ತದೆ.

ಶುರುವಿಗೆ ಒಂದು ಪದ. ವೈದ್ಯರು ಇದನ್ನು "ಪೂರಕ ಆಹಾರ" ಅನ್ನುತ್ತಾರೆ. ಅಂದರೆ ಎದೆಹಾಲಿನ ಜೊತೆಗೆ ಕೊಡುವ ಆಹಾರ, ಎದೆಹಾಲಿನ ಬದಲಿಗೆ ಅಲ್ಲ. ಊಟ ಶುರುವಾದ ಕೂಡಲೇ ಹಾಲು ಬಿಡಿಸುವವರಿದ್ದಾರೆ, ಅದು ಬೇಡ. ಎರಡು ವರ್ಷದವರೆಗೆ, ಬೇಕಿದ್ದರೆ ಆಮೇಲೂ ಎದೆಹಾಲು ಕೊಡಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು.

ಬೇಕಾದ ಸಾಮಾನು ಕಮ್ಮಿ. ಮಗುವಿಗೇ ಅಂತ ಒಂದು ಬಟ್ಟಲು, ಅಂಚು ಚೂಪಿಲ್ಲದ ಸಣ್ಣ ಚಮಚ, 250 ಮಿ.ಲೀ. ಹಿಡಿಯುವ ಒಂದು ಅಳತೆ ಲೋಟ, ಮಗುವನ್ನು ನೆಟ್ಟಗೆ ಕೂರಿಸಲು ಒಂದು ಜಾಗ, ಮತ್ತು ಬೆಳವಣಿಗೆ ಚಾರ್ಟ್ ಇರುವ ಕಾರ್ಡ್. ಮಿಕ್ಸಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಫೋರ್ಕ್ ಸಾಕು. ನಿಜ ಹೇಳಬೇಕೆಂದರೆ ಮಿಕ್ಸಿ ಇಲ್ಲದ ಮನೆಯ ಮಕ್ಕಳೇ ಬೇಗ ಅಗಿಯಲು ಕಲಿಯುತ್ತಾರೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

1. ಮಗು ತಯಾರಾಗಿದೆಯಾ ನೋಡಿ

ವಯಸ್ಸು ಸುಮಾರು 6 ತಿಂಗಳು, ಅಂದರೆ 180 ದಿನ. ಅದರ ಜೊತೆ ಈ ಲಕ್ಷಣಗಳನ್ನು ನೋಡಿ. ಕುತ್ತಿಗೆ ಗಟ್ಟಿ ನಿಂತಿರಬೇಕು. ಸ್ವಲ್ಪ ಆಸರೆ ಕೊಟ್ಟರೆ ಕೂರಬೇಕು. ಕೈಗೆ ಸಿಕ್ಕಿದ್ದನ್ನು ನೋಡಿ, ಹಿಡಿದು, ಬಾಯಿಗೆ ಒಯ್ಯಬೇಕು. ಚಮಚ ತುಟಿಗೆ ತಾಗಿಸಿದರೆ ನಾಲಿಗೆ ಅದನ್ನು ಹೊರಗೆ ತಳ್ಳುವುದು ಕಮ್ಮಿ ಆಗಿರಬೇಕು.

ಮುಷ್ಟಿ ಚೀಪುವುದು, ರಾತ್ರಿ ಜಾಸ್ತಿ ಏಳುವುದು, ನೀವು ತಿನ್ನುವುದನ್ನೇ ನೋಡುತ್ತಾ ಕೂರುವುದು, ಇವನ್ನು ನೋಡಿ ನಾಲ್ಕು ತಿಂಗಳಿಗೇ "ಹಾಲು ಸಾಲ್ತಾ ಇಲ್ಲ" ಅಂತ ತೀರ್ಮಾನ ಮಾಡಬೇಡಿ. ಈ ವಯಸ್ಸಿನಲ್ಲಿ ಎಲ್ಲ ಮಕ್ಕಳೂ ಹೀಗೇ ಮಾಡುತ್ತವೆ. ಹಲ್ಲು ಬರಲಿ ಅಂತ ಕಾಯುವುದೂ ತಪ್ಪು, ವಸಡಿನಲ್ಲೇ ಮಕ್ಕಳು ಚೆನ್ನಾಗಿ ಅರೆಯುತ್ತಾರೆ.

ತಡ ಮಾಡಿದರೆ ಏನಾಗುತ್ತದೆ? ಆರು ತಿಂಗಳ ನಂತರ ಎದೆಹಾಲೊಂದರಿಂದಲೇ ಬೇಕಾದಷ್ಟು ಶಕ್ತಿ, ಕಬ್ಬಿಣದ ಅಂಶ, ಸತು ಸಿಗುವುದಿಲ್ಲ. ಮಗು ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣ ಈ ಹೊತ್ತಿಗೆ ಖಾಲಿಯಾಗುತ್ತಾ ಬಂದಿರುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳದು ಮಾತ್ರ ಬೇರೆ ಲೆಕ್ಕ. ಯಾವಾಗ ಶುರು ಮಾಡಬೇಕು ಅನ್ನೋದನ್ನು ನಿಮ್ಮ ಮಕ್ಕಳ ವೈದ್ಯರ ಹತ್ತಿರವೇ ಕೇಳಿ.

2. ಮೊದಲ ವಾರ: ತಿನ್ನುವುದು ಕಮ್ಮಿ, ಕಲಿಯುವುದು ಜಾಸ್ತಿ

ಮಗು ನಿದ್ದೆ ಮಾಡಿ ಎದ್ದು ಖುಷಿಯಾಗಿರುವ ಹೊತ್ತು ಆರಿಸಿಕೊಳ್ಳಿ. ಹಸಿದು ಅಳುತ್ತಿರುವಾಗ ಚಮಚ ತೋರಿಸಿದರೆ ಅದಕ್ಕೆ ಸಿಟ್ಟು ಬರುತ್ತದೆ, ಆಗ ಅದಕ್ಕೆ ಬೇಕಿರುವುದು ಹಾಲು.

ಮೊದಲು 2–3 ಚಮಚ ಸಾಕು, ದಿನಕ್ಕೆ ಒಂದು ಸಲ, ನಂತರ ಎರಡು ಸಲ. ಚೆನ್ನಾಗಿ ಬೆಂದ ಅನ್ನ, ಆಲೂಗಡ್ಡೆ, ಬೇಳೆ, ಕುಂಬಳ, ಮಾಗಿದ ಬಾಳೆಹಣ್ಣು, ಯಾವುದಾದರೂ ಸರಿ. ಕಿವುಚಿ, ಎದೆಹಾಲನ್ನೋ ಕಾಯಿಸಿ ಆರಿಸಿದ ನೀರನ್ನೋ ಸ್ವಲ್ಪ ಸೇರಿಸಿ ಮೆತ್ತಗೆ ಮಾಡಿ. ಚಮಚದ ತುದಿಯಲ್ಲಿ ಚೂರು ತೆಗೆದುಕೊಂಡು ಕೆಳತುಟಿಗೆ ತಾಗಿಸಿ, ಮಗು ತಾನಾಗಿ ಬಾಯಿ ತೆರೆಯಲಿ. ಮೇಲಿನ ವಸಡಿಗೆ ಒರೆಸಿ ಸುರಿಯುವ ಅಭ್ಯಾಸ ಬೇಡ. ಅರ್ಧ ಹೊರಗೆ ಬರುತ್ತದೆ, ಮುಖ ಸಿಂಡರಿಸುತ್ತದೆ. ಅದು "ಇಷ್ಟ ಇಲ್ಲ" ಅಂತ ಹೇಳುವುದಲ್ಲ. ನಾಲಿಗೆಯಿಂದ ಆಹಾರವನ್ನು ಹಿಂದಕ್ಕೆ ಸರಿಸುವುದು ಮಗುವಿಗೆ ಹೊಸ ಕೆಲಸ, ಇಲ್ಲಿಯವರೆಗೆ ಬರೀ ಚೀಪಿ ಗೊತ್ತು, ಅಷ್ಟೇ.

ಈ ವಾರ ಎಷ್ಟು ಒಳಗೆ ಹೋಯಿತು ಅಂತ ಲೆಕ್ಕ ಹಾಕಬೇಡಿ. ಹಾಲು ಎಂದಿನಂತೆ ನಡೆಯಲಿ.

3. ಬೇಗ ಗಟ್ಟಿ ಮಾಡಿ (ಇದನ್ನೊಂದು ಸಲ ನಿಧಾನವಾಗಿ ಓದಿ)

"ಎಲ್ಲಾ ಕೊಡ್ತೀನಿ, ತೂಕ ಏರಲ್ಲ" ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಚಮಚ ಓರೆ ಮಾಡಿದರೆ ಊಟ ಸುರಿದು ಹೋಗುತ್ತದಾ, ನಿಲ್ಲುತ್ತದಾ? ಹತ್ತರಲ್ಲಿ ಎಂಟು ಜನ "ಸುರಿಯುತ್ತೆ" ಅನ್ನುತ್ತಾರೆ ಅಂತ ಲೆಕ್ಕ ಕೊಡಲು ನನ್ನ ಹತ್ತಿರ ಅಂಕಿಅಂಶವೇನೂ ಇಲ್ಲ, ಆದರೆ ಆ ಉತ್ತರ ಬಂದಾಗ ನನಗೆ ಆಶ್ಚರ್ಯ ಆಗುವುದಿಲ್ಲ.

ಲೆಕ್ಕ ನೋಡಿ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲು ಬಿಟ್ಟು ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಕ್ಯಾಲೊರಿ ಅಂದರೆ ಆಹಾರದಿಂದ ಸಿಗುವ ಶಕ್ತಿಯ ಅಳತೆ. 9–11 ತಿಂಗಳಿಗೆ ಇದು 300, ವರ್ಷ ದಾಟಿದ ಮೇಲೆ ಸುಮಾರು 550. ಇನ್ನು ಹೊಟ್ಟೆ. ಒಂದು ಸಲಕ್ಕೆ ಅದು ಹಿಡಿಯುವುದು ದೇಹದ ತೂಕದ ಪ್ರತಿ ಕಿಲೋಗೆ 30 ಮಿ.ಲೀ. ಆಸುಪಾಸು. ಏಳೂವರೆ ಕಿಲೋ ಮಗು ಅಂದರೆ ಹೆಚ್ಚೆಂದರೆ 225 ಮಿ.ಲೀ. ಅದರಲ್ಲಿ ಹಾಲಿಗೂ ಜಾಗ ಬೇಕು.

ಈಗ 10 ಗ್ರಾಂ ಅಕ್ಕಿ ಹಿಟ್ಟಿಗೆ 100 ಮಿ.ಲೀ. ನೀರು ಹಾಕಿ ತೆಳ್ಳಗೆ ಗಂಜಿ ಕಾಯಿಸಿದಿರಿ ಅಂದುಕೊಳ್ಳಿ. ಹಿಟ್ಟಿನಲ್ಲಿ ಸುಮಾರು 35 ಕ್ಯಾಲೊರಿ, ನೀರಿನಲ್ಲಿ ಸೊನ್ನೆ. 200 ಕ್ಯಾಲೊರಿ ಬರಬೇಕೆಂದರೆ ಅರ್ಧ ಲೀಟರಿಗಿಂತ ಜಾಸ್ತಿ ಗಂಜಿ ಕುಡಿಯಬೇಕು. ಮಗು ಕುಡಿಯುವುದಿಲ್ಲ. ಕುಡಿದರೂ ಹಾಲಿಗೆ ಜಾಗ ಇರುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಮಗು ತೃಪ್ತಿಯಾದಂತೆ ಕಾಣುತ್ತದೆ, ತಾಯಿಗೂ ಸಮಾಧಾನ, ತೂಕ ಮಾತ್ರ ಅಲ್ಲೇ.

ಅದೇ ಗಂಜಿಗೆ ಒಂದು ಟೀ ಚಮಚ ಎಣ್ಣೆ ಅಥವಾ ಬೆಣ್ಣೆ ಹಾಕಿ ಕಲಸಿದರೆ 35–40 ಕ್ಯಾಲೊರಿ ಅಲ್ಲೇ ಸೇರಿತು, ಗಾತ್ರ ಹೆಚ್ಚಲಿಲ್ಲ. ನೀರು ಅರ್ಧ ಕಮ್ಮಿ ಮಾಡಿ, ಬೇಳೆಯನ್ನೋ ಮೊಟ್ಟೆಯನ್ನೋ ಸೇರಿಸಿದರೆ ಇನ್ನೂ ಒಳ್ಳೆಯದು. ಎಣ್ಣೆ ಒಳ್ಳೇದಂತ ಸುರಿಯಲು ಹೋಗಬೇಡಿ. ಒಂದು ಊಟಕ್ಕೆ ಒಂದು ಟೀ ಚಮಚ ಸಾಕು. ಜಾಸ್ತಿ ಆದರೆ ಹಸಿವು ಸಾಯುತ್ತದೆ, ಬೇರೆ ಪೋಷಕಾಂಶಕ್ಕೆ ಜಾಗ ಉಳಿಯುವುದಿಲ್ಲ.

ಪರೀಕ್ಷೆ ಸುಲಭ. ಚಮಚದಲ್ಲಿ ಊಟ ತೆಗೆದು ಓರೆ ಮಾಡಿ. ಜಾರದೆ ನಿಧಾನಕ್ಕೆ ಬಿದ್ದರೆ ಹದ ಸರಿ. ನೀರಿನಂತೆ ಸುರಿದರೆ ಇನ್ನೂ ಗಟ್ಟಿ ಮಾಡಿ. ಬಾಟಲಿಯ ನಿಪ್ಪಲ್ಲಿನಲ್ಲಿ ಇಳಿಯುವಷ್ಟು ತೆಳುವಾದ ಯಾವುದನ್ನೂ ನಾನು ಊಟ ಅಂತ ಎಣಿಸುವುದಿಲ್ಲ. ತೊಳೆಯಲು ಕಷ್ಟವಾದ ಬಾಟಲಿಯಿಂದ ಭೇದಿ ಬರುವುದು ಬೇರೆ.

ಪ್ರಮಾಣ ಮತ್ತು ಸಲ ಹೀಗೆ:

- 6–8 ತಿಂಗಳು: ದಿನಕ್ಕೆ 2–3 ಸಲ. 2–3 ಚಮಚದಿಂದ ಶುರು, ನಿಧಾನಕ್ಕೆ ಅರ್ಧ ಲೋಟದವರೆಗೆ (250 ಮಿ.ಲೀ. ಲೋಟದಲ್ಲಿ ಅರ್ಧ).
- 9–11 ತಿಂಗಳು: 3–4 ಸಲ, ಪ್ರತಿ ಸಲ ಅರ್ಧ ಲೋಟ. ನಡುವೆ ಹಸಿದರೆ ಒಂದೆರಡು ಸಲ ಹಣ್ಣು, ಮೊಸರು, ಬ್ರೆಡ್ಡಿನಂಥದ್ದು.
- 12–23 ತಿಂಗಳು: 3–4 ಸಲ, ಮುಕ್ಕಾಲು ಲೋಟದಿಂದ ಒಂದು ಲೋಟ. ನಡುವಿನ ತಿಂಡಿ ಒಂದೆರಡು ಸಲ.

ಎದೆಹಾಲು ಕುಡಿಯದ ಮಗುವಿಗೆ ಇದಕ್ಕಿಂತ ಒಂದೆರಡು ಸಲ ಜಾಸ್ತಿ ಬೇಕು, ಜೊತೆಗೆ ಬೇರೆ ಹಾಲು. ಇವು ಸರಾಸರಿಗಳು. ನಿಮ್ಮ ಮಗು ಎರಡು ಚಮಚ ಕಮ್ಮಿ ತಿಂದರೆ ಆಕಾಶ ಕಳಚಿ ಬೀಳುವುದಿಲ್ಲ.

4. ಬಣ್ಣ ಬದಲಿಸಿ, ಕಬ್ಬಿಣ ಮರೆಯಬೇಡಿ

ಮೊದಲ ಎರಡು ಮೂರು ವಾರ ಕಳೆದ ಮೇಲೂ ಬಟ್ಟಲು ದಿನಾ ಬಿಳೀ ಬಣ್ಣದಲ್ಲೇ ಇದ್ದರೆ ಏನೋ ತಪ್ಪಿದೆ ಅಂತ ಅರ್ಥ. ಅನ್ನ, ಆಲೂಗಡ್ಡೆ, ಬ್ರೆಡ್ಡು, ಬಿಸ್ಕತ್ತು ಎಲ್ಲ ಒಂದೇ ಗುಂಪಿನವು.

ವಿಶ್ವ ಆರೋಗ್ಯ ಸಂಸ್ಥೆ ಆಹಾರವನ್ನು 8 ಗುಂಪು ಮಾಡುತ್ತದೆ: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಬೀಜಗಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ವಿಟಮಿನ್ ಎ ಜಾಸ್ತಿ ಇರುವ ಹಣ್ಣು ತರಕಾರಿ (ಕ್ಯಾರೆಟ್, ಸಿಹಿಗುಂಬಳ, ಮಾವು, ಪಪ್ಪಾಯ, ಕಡು ಹಸಿರು ಸೊಪ್ಪು), ಮಿಕ್ಕ ಹಣ್ಣು ತರಕಾರಿ. ದಿನಕ್ಕೆ ಇದರಲ್ಲಿ 5 ಗುಂಪಾದರೂ ಮಗುವಿನ ಹೊಟ್ಟೆಗೆ ಹೋಗಬೇಕು. ಎದೆಹಾಲು ಕೊಡುವವರಿಗೆ ಒಂದು ಆಗಲೇ ಸಿಕ್ಕಿತು, ಇನ್ನು ನಾಲ್ಕು.

ಕಬ್ಬಿಣದ ವಿಷಯ ಬೇರೆ ಹೇಳಬೇಕು. ಅಮೆರಿಕದ ಪೋಷಣಾ ಮಾನದಂಡದ ಪ್ರಕಾರ 7–12 ತಿಂಗಳ ಮಗುವಿಗೆ ದಿನಕ್ಕೆ 11 ಮಿ.ಗ್ರಾಂ. ಕಬ್ಬಿಣ ಬೇಕು. ದೊಡ್ಡ ಗಂಡಸಿಗೆ 8 ಸಾಕು! ಅಷ್ಟು ಪುಟ್ಟ ಹೊಟ್ಟೆಗೆ ಇಷ್ಟು ಕಬ್ಬಿಣ ತುಂಬಿಸುವುದು ಸುಲಭ ಅಲ್ಲ, ಅದಕ್ಕೇ ಈ ವಯಸ್ಸಿನಲ್ಲಿ ರಕ್ತಹೀನತೆ ಜಾಸ್ತಿ. ಮಾಂಸ, ಲಿವರ್, ಮೀನಿನಲ್ಲಿರುವ ಕಬ್ಬಿಣ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಬೇಳೆಕಾಳು, ಸೊಪ್ಪಿನಲ್ಲಿರುವುದು ಅಷ್ಟು ಹತ್ತುವುದಿಲ್ಲ, ಆದರೆ ಜೊತೆಗೆ ನಿಂಬೆರಸ, ಟೊಮೆಟೊ, ಕಿತ್ತಳೆಯಂಥ ಹುಳಿ ಇದ್ದರೆ ಜಾಸ್ತಿ ಹತ್ತುತ್ತದೆ. ಸಸ್ಯಾಹಾರಿ ಮನೆಯವರು ಈ ಜೋಡಿಯನ್ನು ಬಿಡಬೇಡಿ. ಟೀ ಮಾತ್ರ ಒಂದು ತೊಟ್ಟೂ ಬೇಡ, ಕಬ್ಬಿಣ ಹತ್ತದಂತೆ ಮಾಡುತ್ತದೆ. ಮಾಂಸ ತಿನ್ನುವ ಮನೆಗಳಲ್ಲಿ ಮಗುವಿಗೆ ಬರೀ ಅದರ ರಸ ಕುಡಿಸುವುದನ್ನು ನೋಡಿದ್ದೇನೆ. ಸತ್ವ ಇರುವುದು ತುಂಡಿನಲ್ಲಿ. ಅದನ್ನೇ ನುಣ್ಣಗೆ ಮಾಡಿ ಕೊಡಿ.

ಕಬ್ಬಿಣದ ಡ್ರಾಪ್ಸ್ ವೈದ್ಯರು ಬರೆದುಕೊಟ್ಟಿದ್ದರೆ ಅರ್ಧಕ್ಕೆ ನಿಲ್ಲಿಸಬೇಡಿ. ಮಲ ಕಪ್ಪಾಗುವುದು ಸಹಜ.

5. ಕೊಡಬಾರದ್ದು, ಮತ್ತು ಸುಮ್ನೆ ಹೆದರಿ ತಡ ಮಾಡುವುದು

ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ. ನಾಲಿಗೆಗೆ ಸವರುವುದೂ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಬಾಟುಲಿಸಂ ಅನ್ನುವ, ಸ್ನಾಯುಗಳನ್ನೇ ಸೋಲಿಸುವ ಕಾಯಿಲೆ ಬರಬಹುದು. ಅಪರೂಪ, ಆದರೆ ಬಂದರೆ ಪ್ರಾಣಕ್ಕೆ ಕುತ್ತು. ಕುದಿಸಿದರೂ ಅದರ ಬೀಜಾಣು ಸಾಯುವುದಿಲ್ಲ.

ಸಕ್ಕರೆ ಬೇಡ. ಉಪ್ಪು ಬೇಕಾಗಿಲ್ಲ. "ಸಪ್ಪೆ ಇದ್ರೆ ಹೇಗೆ ತಿನ್ನುತ್ತೆ?" ಅನ್ನೋದು ನಮ್ಮ ನಾಲಿಗೆಯ ಮಾತು. ಹಣ್ಣಿನ ರಸ ವರ್ಷದೊಳಗೆ ಬೇಡ, ಹಣ್ಣನ್ನೇ ಕೊಡಿ. ಹಸುವಿನ ಹಾಲನ್ನು ವರ್ಷದೊಳಗೆ ಮುಖ್ಯ ಪಾನೀಯ ಮಾಡುವುದನ್ನು ಬಹಳಷ್ಟು ಮಕ್ಕಳ ವೈದ್ಯರು ಒಪ್ಪುವುದಿಲ್ಲ, ಅದರಲ್ಲಿ ಕಬ್ಬಿಣ ತೀರಾ ಕಮ್ಮಿ. ಮೊಸರು ಅಥವಾ ಅಡುಗೆಗೆ ಹಾಕುವ ಹಾಲಿಗೆ ತೊಂದರೆ ಇಲ್ಲ. ವರ್ಷದ ನಂತರ ಕೊಟ್ಟರೂ ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ಹೊಟ್ಟೆ ತುಂಬ ಹಾಲು ಕುಡಿದ ಮಗು ಊಟ ಮಾಡಲ್ಲ ಅಂತ ದೂರುವವರು ಎಷ್ಟು ಜನ!

ಇನ್ನು ಮೊಟ್ಟೆ, ಶೇಂಗಾ, ಮೀನು. ಅಲರ್ಜಿಗೆ ಹೆದರಿ ಇವನ್ನು ಒಂದು ವರ್ಷ, ಎರಡು ವರ್ಷ ಮುಂದೂಡುವುದು ಹಳೆಯ ಸಲಹೆ. ಅದು ಈಗ ತಲೆಕೆಳಗಾಗಿದೆ. ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ತೀವ್ರ ಎಕ್ಸಿಮಾ (ಚರ್ಮದ ಕೆರೆತ) ಅಥವಾ ಮೊಟ್ಟೆ ಅಲರ್ಜಿ ಇದ್ದ 4–11 ತಿಂಗಳ 640 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶೇಂಗಾ ಕೊಟ್ಟರು, ಇನ್ನೊಂದಕ್ಕೆ ದೂರವಿಟ್ಟರು. ಐದು ವರ್ಷ ಆಗುವಷ್ಟರಲ್ಲಿ, ತಿಂದ ಗುಂಪಿನಲ್ಲಿ ಶೇಂಗಾ ಅಲರ್ಜಿ ಸುಮಾರು 80% ಕಮ್ಮಿ ಇತ್ತು. ಹಾಗಾಗಿ ಆರು ತಿಂಗಳ ನಂತರ ಇವನ್ನೂ ಕೊಡಿ. ಒಂದು ಸಲಕ್ಕೆ ಒಂದೇ ಹೊಸದು, ಸ್ವಲ್ಪವೇ, ಹಗಲು ಹೊತ್ತಿನಲ್ಲಿ. ಮೊಟ್ಟೆ ಪೂರ್ತಿ ಬೆಂದಿರಲಿ. ಶೇಂಗಾ ಇಡೀ ಕಾಳು ಕೊಡಬಾರದು, ನುಣ್ಣಗೆ ಅರೆದು ಊಟದಲ್ಲಿ ಕಲಸಿ. ನಿಮ್ಮ ಮಗುವಿಗೆ ತೀವ್ರ ಎಕ್ಸಿಮಾ ಇದ್ದರೆ ಮೊದಲು ವೈದ್ಯರನ್ನು ಕೇಳಿ. ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ.

6. ನುಣ್ಣಗಿನದರಲ್ಲೇ ನಿಲ್ಲಬೇಡಿ

ಎಂಟು ತಿಂಗಳ ಹೊತ್ತಿಗೆ ಫೋರ್ಕಿನಲ್ಲಿ ಒರಟಾಗಿ ಕಿವುಚಿದ್ದು, ಕೈಯಲ್ಲಿ ಹಿಡಿದು ತಿನ್ನುವ ಮೆತ್ತನೆ ತುಂಡುಗಳು. ವರ್ಷದ ಹೊತ್ತಿಗೆ ಮನೆಯವರು ತಿನ್ನುವ ಊಟ, ಖಾರ ಉಪ್ಪು ಹಾಕುವ ಮುಂಚೆ ಪಕ್ಕಕ್ಕೆ ತೆಗೆದದ್ದು. ಹತ್ತು ತಿಂಗಳು ದಾಟಿದರೂ ಬರೀ ಮಿಕ್ಸಿಯಲ್ಲಿ ತಿರುವಿದ್ದನ್ನೇ ಕೊಟ್ಟರೆ ಆಮೇಲೆ ಚಿಕ್ಕ ಗಂಟು ಸಿಕ್ಕಿದರೂ ಉಗುಳುವ ಅಭ್ಯಾಸ ಆಗುತ್ತದೆ, ಬಿಡಿಸುವುದು ಕಷ್ಟ.

ತುಂಡು ಎಷ್ಟು ಮೆತ್ತಗಿರಬೇಕು? ನಿಮ್ಮ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ನಜ್ಜಾಗಬೇಕು. ಬೇಯಿಸಿದ ಕ್ಯಾರೆಟ್, ಗೆಣಸು, ಮಾಗಿದ ಪಪ್ಪಾಯ ಹೀಗೆ ಆಗುತ್ತವೆ. ಬೆರಳಿನಷ್ಟು ಉದ್ದ ಕತ್ತರಿಸಿದರೆ ಮಗುವಿನ ಮುಷ್ಟಿಯಿಂದ ತುದಿ ಹೊರಗೆ ಉಳಿಯುತ್ತದೆ, ಅದನ್ನು ಕಚ್ಚುತ್ತದೆ.

ಉಸಿರು ಕಟ್ಟಿಸುವ ಅಪಾಯ ಇರುವವು: ಇಡೀ ಶೇಂಗಾ ಬಾದಾಮಿಯಂಥ ಕಾಳು, ಪಾಪ್‌ಕಾರ್ನ್, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಗಟ್ಟಿ ಮಿಠಾಯಿ, ದುಂಡಗೆ ಕತ್ತರಿಸಿದ ಸಾಸೇಜ್. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಮಲಗಿಸಿಕೊಂಡು, ನಡೆದಾಡುತ್ತಾ, ನಗಿಸುತ್ತಾ ತಿನ್ನಿಸಬೇಡಿ. ತಿನ್ನುವಾಗ ಪಕ್ಕದಲ್ಲಿ ದೊಡ್ಡವರು ಇರಲೇಬೇಕು.

ಓಕರಿಕೆ ಬೇರೆ, ಉಸಿರು ಕಟ್ಟುವುದು ಬೇರೆ. ಓಕರಿಕೆಯಲ್ಲಿ ಸದ್ದು ಇರುತ್ತದೆ, ಮುಖ ಕೆಂಪಾಗುತ್ತದೆ, ಕೆಮ್ಮುತ್ತದೆ, ತುಂಡು ತಾನೇ ಮುಂದೆ ಬರುತ್ತದೆ. ಆಗ ಬಾಯಿಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ತಳ್ಳಿಬಿಡುತ್ತೀರಿ. ಉಸಿರು ಕಟ್ಟಿದರೆ ಸದ್ದೇ ಇರುವುದಿಲ್ಲ. ಅಳಲೂ ಕೆಮ್ಮಲೂ ಆಗುವುದಿಲ್ಲ, ತುಟಿ ನೀಲಿಯಾಗುತ್ತದೆ. ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರುವಂತೆ ಹಿಡಿದು, ಭುಜದ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ತಟ್ಟಿ. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ಮಧ್ಯದಲ್ಲಿ ಒಂದು ಅಂಗೈ ಬುಡದಿಂದ 5 ಸಲ ಒತ್ತಿ. ತುಂಡು ಬರುವವರೆಗೆ ಇದೇ ಮುಂದುವರಿಯಲಿ, ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಓದಿದ್ದು ಆ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ತಿಳಿದವರ ಹತ್ತಿರ ಗೊಂಬೆಯ ಮೇಲೆ ಒಂದು ಸಲ ಮಾಡಿ ಕಲಿತುಬಿಡಿ, ಮಗು ನೋಡಿಕೊಳ್ಳುವ ಅಜ್ಜಿ ತಾತನಿಗೂ ಕಲಿಸಿ.

7. ತುರುಕಬೇಡಿ

ಏನು, ಯಾವಾಗ, ಎಲ್ಲಿ ಅನ್ನೋದು ನಿಮ್ಮ ಕೆಲಸ. ಎಷ್ಟು ಅನ್ನೋದು ಮಗುವಿನ ಕೆಲಸ. ಮುಖ ತಿರುಗಿಸಿದರೆ, ಬಾಯಿ ಬಿಗಿ ಹಿಡಿದರೆ, ಚಮಚ ದೂಡಿದರೆ ಸಾಕು ಅಂತ ಅರ್ಥ. ಮೂಗು ಹಿಡಿದು, ಹೆದರಿಸಿ, ಮೊಬೈಲ್ ತೋರಿಸಿ ತಿನ್ನಿಸಿದ್ದು ಆ ಹೊತ್ತಿಗೆ ಒಳಗೆ ಹೋಗಬಹುದು, ಆದರೆ ಹಸಿವು, ಹೊಟ್ಟೆ ತುಂಬಿದ್ದು ಎರಡೂ ಮಗುವಿಗೆ ಗೊತ್ತಾಗದಂತೆ ಆಗುತ್ತದೆ. ಅರ್ಧ ಗಂಟೆಗಿಂತ ಜಾಸ್ತಿ ಎಳೆಯಬೇಡಿ.

ಹೊಸ ರುಚಿ ಒಪ್ಪಿಕೊಳ್ಳಲು ಮಕ್ಕಳಿಗೆ 8–10 ಸಲ, ಕೆಲವರಿಗೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಎರಡು ಸಲ ಉಗುಳಿದ್ದಕ್ಕೆ "ನಮ್ಮ ಮಗೂಗೆ ಸೊಪ್ಪು ಆಗಲ್ಲ" ಅಂತ ಷರಾ ಬರೆಯಬೇಡಿ. ಕೆಲವು ದಿನ ಬಿಟ್ಟು ಮತ್ತೆ ಒಂದು ಚಮಚ ಇಡಿ.

ವರ್ಷದ ಆಸುಪಾಸು ಹಸಿವು ಕಮ್ಮಿ ಆದಂತೆ ಕಾಣುತ್ತದೆ. ಬೆಳವಣಿಗೆಯ ವೇಗವೇ ಇಳಿದಿರುತ್ತದೆ, ಅದಕ್ಕೆ.

8. ಹುಷಾರಿಲ್ಲದಾಗ ಊಟ ನಿಲ್ಲಿಸಬೇಡಿ

ಊಟ ಶುರುವಾದ ಮೇಲೆ ಭೇದಿ ಜಾಸ್ತಿ ಆಗುತ್ತದೆ. ಕಾರಣ ಊಟವಲ್ಲ, ಊಟದ ಜೊತೆ ಬರುವ ಕೊಳೆ. ನಿಮ್ಮ ಕೈ, ಮಗುವಿನ ಕೈ ಎರಡನ್ನೂ ಸೋಪಿನಲ್ಲಿ ತೊಳೆಯಿರಿ. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಎಂಜಲು ಚಮಚ ತಾಗಿದ ಊಟವನ್ನು ಮುಂದಿನ ಹೊತ್ತಿಗೆ ಎತ್ತಿಡಬೇಡಿ.

ಭೇದಿ, ಜ್ವರ ಬಂದಾಗ ಹೊಟ್ಟೆಗೆ ವಿಶ್ರಾಂತಿ ಕೊಡಬೇಕು ಅಂತ ಬರೀ ನೀರು ಗಂಜಿಗೆ ಇಳಿಸುವವರಿದ್ದಾರೆ. ಮಗು ಇಳಿದುಹೋಗುವುದು ಕಾಯಿಲೆಯಿಂದ ಎಷ್ಟೋ, ಈ ಪಥ್ಯದಿಂದಲೂ ಅಷ್ಟೇ. ಎದೆಹಾಲು ಜಾಸ್ತಿ ಕೊಡಿ, ಭೇದಿಗೆ ಓಆರ್‌ಎಸ್ ಕೊಡಿ, ಮೆತ್ತನೆ ಊಟ ಸ್ವಲ್ಪ ಸ್ವಲ್ಪ ಹಲವು ಸಲ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ ಕೊಡಿ, ಕಳೆದುಕೊಂಡ ತೂಕ ಆಗಲೇ ವಾಪಸ್ ಬರುವುದು.

9. ಚಾರ್ಟ್ ಓದಲು ಕಲಿಯಿರಿ

ಪಕ್ಕದ ಮನೆಯ ಮಗುವಿಗೆ ಹೋಲಿಸುವುದು ಬಿಟ್ಟು ಕಾರ್ಡ್ ತೆಗೆಯಿರಿ. ಈಗ ಬಹಳ ಕಡೆ ಬಳಸುವ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದವು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ 1997ರಿಂದ 2003ರವರೆಗೆ, ಎದೆಹಾಲು ಕುಡಿದು ಒಳ್ಳೆಯ ವಾತಾವರಣದಲ್ಲಿ ಬೆಳೆದ ಸುಮಾರು 8,500 ಮಕ್ಕಳನ್ನು ಅಳೆದು ಮಾಡಿದ್ದು. ಮೊದಲ ವರ್ಷಗಳಲ್ಲಿ ಸರಿಯಾಗಿ ಉಣ್ಣುವ ಮಕ್ಕಳು ಎಲ್ಲಿ ಹುಟ್ಟಿದರೂ ಹೆಚ್ಚುಕಡಿಮೆ ಒಂದೇ ಥರ ಬೆಳೆಯುತ್ತಾರೆ ಅಂತ ಅಲ್ಲಿ ಕಂಡಿತು. ಆದ್ದರಿಂದ "ನಮ್ಮ ವಂಶವೇ ಕುಳ್ಳು" ಅಂತ ಮೊದಲೇ ಕೈಬಿಡಬೇಡಿ.

ಕೆಳಗೆ ವಯಸ್ಸು, ಪಕ್ಕದಲ್ಲಿ ತೂಕ ಅಥವಾ ಉದ್ದ. ಮಧ್ಯದ ಹಸಿರು ಗೆರೆ ಸರಾಸರಿ. ಕೆಂಪು ಗೆರೆಗಳು ಎಚ್ಚರಿಕೆಯ ಗಡಿ (ಮೈನಸ್ 2 ಅನ್ನುತ್ತಾರಲ್ಲ, ಅದು ಕೆಳಗಿನ ಕೆಂಪು), ಕಪ್ಪು ಇನ್ನೂ ಗಂಭೀರ. ಕೆಲವು ಕಾರ್ಡುಗಳಲ್ಲಿ ಬಣ್ಣ ಬೇರೆ ಇರುತ್ತದೆ, ಪಕ್ಕದ ವಿವರ ನೋಡಿ. ಹುಡುಗಿಯರಿಗೆ ಒಂದು ಚಾರ್ಟ್, ಹುಡುಗರಿಗೆ ಒಂದು.

ಒಂದು ಚುಕ್ಕೆಯಿಂದ ಏನೂ ಗೊತ್ತಾಗುವುದಿಲ್ಲ, ಚುಕ್ಕೆಗಳನ್ನು ಸೇರಿಸಿದ ಗೆರೆ ಎತ್ತ ಹೋಗುತ್ತಿದೆ ಅನ್ನೋದೇ ವಿಷಯ. ಹಸಿರಿಗಿಂತ ಕೆಳಗೆ ಇದ್ದರೂ ಅದಕ್ಕೆ ಸಮನಾಗಿ ಏರುತ್ತಿದ್ದರೆ ಮಗು ತನ್ನ ದಾರಿಯಲ್ಲಿ ಇದೆ. ಹಸಿರಿನ ಮೇಲೇ ಇದ್ದು ಎರಡು ಮೂರು ತಿಂಗಳಿಂದ ಗೆರೆ ಮಟ್ಟಸವಾಗಿ ಮಲಗಿದ್ದರೆ ಅದನ್ನು ನೋಡಬೇಕು, ಮಗು ದುಂಡಗೆ ಕಂಡರೂ.

ಅಂದಾಜಿಗೆ ಕೆಲವು ಸರಾಸರಿಗಳು. ಆರು ತಿಂಗಳಲ್ಲಿ ಹುಡುಗ 7.9, ಹುಡುಗಿ 7.3 ಕಿಲೋ. ವರ್ಷಕ್ಕೆ 9.6 ಮತ್ತು 8.9. ಎರಡು ವರ್ಷಕ್ಕೆ 12.2 ಮತ್ತು 11.5. ಇದರಲ್ಲೊಂದು ವಿಷಯ ಗಮನಿಸಿ. ಮೊದಲ ಎರಡು ಮೂರು ತಿಂಗಳಲ್ಲಿ ತಿಂಗಳಿಗೆ ಒಂದು ಕಿಲೋ ಹತ್ತಿರ ಏರುತ್ತಿದ್ದ ಮಗು, ಆರು ತಿಂಗಳ ನಂತರ ಏರುವುದು ತಿಂಗಳಿಗೆ 300 ಗ್ರಾಂ ಆಸುಪಾಸು, ಎರಡನೇ ವರ್ಷದಲ್ಲಿ 200. "ಊಟ ಶುರು ಮಾಡಿದ ಮೇಲೆ ತೂಕ ಏರೋದೇ ನಿಂತಿತು" ಅನ್ನುವ ಎಷ್ಟೋ ದೂರುಗಳಿಗೆ ಇದೇ ಉತ್ತರ. ಮಗು ಸರಿಯಾಗಿಯೇ ಇರುತ್ತದೆ.

ತೂಕ ಮಾತ್ರ ನೋಡಿದರೆ ಸಾಲದು, ಉದ್ದವನ್ನೂ ಅಳೆಸಿ. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ ಬಹಳ ದಿನದಿಂದ ಪೋಷಣೆ ಸಾಲದೆ ಬಂದಿರಬಹುದು. ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ತೊಂದರೆ ಸಾಮಾನ್ಯವಾಗಿ ಇತ್ತೀಚಿನದು. ಮೊದಲನೆಯದು ಕಣ್ಣಿಗೆ ಕಾಣುವುದೇ ಇಲ್ಲ, ಮಗು ಪುಟ್ಟದಾಗಿ ಮುದ್ದಾಗಿ ಇರುತ್ತದೆ ಅಷ್ಟೇ.

ಅಳತೆಯಲ್ಲಿ ಆಗುವ ತಪ್ಪುಗಳೂ ಕಮ್ಮಿ ಇಲ್ಲ. ಬೇರೆ ಬೇರೆ ತಕ್ಕಡಿ, ಒದ್ದೆ ಡೈಪರ್ (ಅದೊಂದೇ 200 ಗ್ರಾಂ ತೂಗಬಹುದು), ಬಟ್ಟೆ ಬೂಟು. ಆದಷ್ಟು ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಿ. ವಾರಕ್ಕೆ ಎರಡು ಸಲ ತೂಗಿ ತಲೆ ಕೆಡಿಸಿಕೊಳ್ಳಬೇಡಿ, ತಿಂಗಳಿಗೊಮ್ಮೆ ಸಾಕು. ಎರಡು ವರ್ಷದವರೆಗೆ ಉದ್ದವನ್ನು ಹಲಗೆಯ ಮೇಲೆ ಮಲಗಿಸಿ, ಇಬ್ಬರು ಸೇರಿ ಅಳೆಯಬೇಕು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಹುಟ್ಟಬೇಕಿದ್ದ ದಿನದಿಂದ ವಯಸ್ಸು ಲೆಕ್ಕ ಹಾಕಿ ಚುಕ್ಕೆ ಇಡಿ.

10. ಯಾವಾಗ ವೈದ್ಯರ ಹತ್ತಿರ ಹೋಗಬೇಕು

ಗೆರೆ ಎರಡು ಮೂರು ತಿಂಗಳಿಂದ ಮಟ್ಟಸವಾಗಿದ್ದರೆ ಅಥವಾ ಕೆಳಗಿಳಿಯುತ್ತಿದ್ದರೆ. ಚುಕ್ಕೆ ಕೆಳಗಿನ ಕೆಂಪು ಗೆರೆಯ ಕೆಳಗೆ ಬಿದ್ದರೆ. ಹತ್ತು ತಿಂಗಳಾದರೂ ಗಂಟು ಇರುವ ಊಟ ನುಂಗಲು ಬರದಿದ್ದರೆ, ಪ್ರತಿ ಊಟದಲ್ಲೂ ಕೆಮ್ಮು ಬರುತ್ತಿದ್ದರೆ. ಮಗು ಬಿಳಿಚಿಕೊಂಡು ಮಂಕಾಗಿದ್ದರೆ, ಮಣ್ಣು ತಿನ್ನುತ್ತಿದ್ದರೆ.

ತೋಳಿನ ಸುತ್ತಳತೆ ಅಂತ ಒಂದು ಅಳತೆ ಇದೆ. ಎಡ ತೋಳಿನ ನಡುಭಾಗದಲ್ಲಿ, ಭುಜಕ್ಕೂ ಮೊಣಕೈಗೂ ಮಧ್ಯೆ, ಬಣ್ಣದ ಪಟ್ಟಿ ಸುತ್ತಿ ನೋಡುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಅದು 12.5 ಸೆಂ.ಮೀ. ಒಳಗಿದ್ದರೆ ಅಪೌಷ್ಟಿಕತೆ, 11.5ರ ಒಳಗಿದ್ದರೆ ತೀವ್ರ ಅಪೌಷ್ಟಿಕತೆ. ಆಗ ಮನೆಮದ್ದು ಬೇಡ, ಅದೇ ದಿನ ಚಿಕಿತ್ಸೆ ಬೇಕು. ಎರಡೂ ಪಾದ ಊದಿಕೊಂಡು, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿದ್ದರೂ ಅಷ್ಟೇ, ತೂಕ ಎಷ್ಟೇ ಇರಲಿ.

ಹೋಗುವ ಮುಂಚೆ ಮೂರು ದಿನ ಮಗು ತಿಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಎಷ್ಟು ಹೊತ್ತಿಗೆ, ಏನು, ಎಷ್ಟು ಚಮಚ, ತೆಳುವೋ ಗಟ್ಟಿಯೋ, ಎಷ್ಟು ಸಲ ಹಾಲು, ನಡುವೆ ಬಿಸ್ಕತ್ತು ಚಾಕೊಲೇಟ್ ಏನಾದರೂ ಹೋಯಿತಾ, ಅಜ್ಜಿ ಕೊಟ್ಟದ್ದೂ ಸೇರಿ. "ಚೆನ್ನಾಗಿ ತಿನ್ನುತ್ತೆ ಡಾಕ್ಟ್ರೇ" ಅನ್ನುವ ಮಾತಿಗಿಂತ ಆ ಹಾಳೆಯೇ ಅವರಿಗೆ ಜಾಸ್ತಿ ಹೇಳುತ್ತದೆ. ಹಾಳೆಯ ಜೊತೆ ಹುಟ್ಟಿದಾಗಿನಿಂದ ಇಲ್ಲಿಯವರೆಗಿನ ಎಲ್ಲ ತೂಕ, ಉದ್ದ ಬರೆದಿರುವ ಕಾರ್ಡನ್ನೂ ತೆಗೆದುಕೊಂಡು ಹೋಗಿ.